ಕಚೇರಿ ಬಿಟ್ಟು ಹೊರಟ ‘ಪಂಚಾಯತ್’

‘ಪಂಚಾಯತ್’ ವೆಬ್ ಸರಣಿಯ ನಾಲ್ಕನೆಯ ಸೀಸನ್ 2025ರ ಜೂನ್‌ನಲ್ಲಿ ಬಂದಾಗ, ಮೊದಲ ಸೀಸನ್ನಿಗೆ ಮನಸೋತಿದ್ದ ಹಲವರೇ ‘ಯಾಕೋ ಸಪ್ಪೆ’ ಎಂದರು. ಚುನಾವಣಾ ರಾಜಕೀಯ ಅತಿಯಾಯಿತೆಂದು ವಿಮರ್ಶಕರೂ ದೂರಿದರು. ದೂರೇನೋ ಸರಿ. ಆದರೆ ಸರಣಿ ಸೊರಗಿದ್ದು ರಾಜಕೀಯದಿಂದಲ್ಲ, ತನ್ನ ಕಚೇರಿಯನ್ನೇ ಬಿಟ್ಟು ಹೊರಟಿದ್ದರಿಂದ.

2020ರ ಏಪ್ರಿಲ್, ಲಾಕ್‌ಡೌನ್ ಶುರುವಾಗಿದ್ದ ದಿನಗಳು. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಹಳ್ಳಿಗೆ, 20,000 ರೂಪಾಯಿ ಸಂಬಳದ ಪಂಚಾಯಿತಿ ಕಾರ್ಯದರ್ಶಿಯಾಗಿ ಅಭಿಷೇಕ್ ತ್ರಿಪಾಠಿ ಬಂದಿಳಿದ. ಕಚೇರಿಯೇ ಅವನ ಮನೆ. ರಾತ್ರಿ ಅಲ್ಲೇ ಎಂಬಿಎ ಪ್ರವೇಶ ಪರೀಕ್ಷೆಗೆ ಓದು. ನಗು ಹುಟ್ಟುವುದೆಲ್ಲ ಸರ್ಕಾರಿ ಕೆಲಸದ ಒಳಗಿಂದಲೇ. ಸೋಲಾರ್ ದೀಪ ಯಾರ ಮನೆ ಮುಂದೆ ನಿಲ್ಲಬೇಕು? ಗೋಡೆಗೆ ಬರೆಸಿದ ಕುಟುಂಬ ಯೋಜನೆಯ ಘೋಷಣೆಗೆ ಊರೆಲ್ಲ ಯಾಕೆ ಸಿಟ್ಟು? ಕಾರ್ಯದರ್ಶಿ ತರಿಸಿಕೊಂಡ ತಿರುಗುವ ಕುರ್ಚಿ ಮದುವೆ ಗಂಡಿನ ಕಣ್ಣಿಗೆ ಬಿದ್ದರೆ ಗತಿಯೇನು? ಅಭಿಷೇಕ್ ಪಾತ್ರದ ಜಿತೇಂದ್ರ ಕುಮಾರ್ ಮುಖದ ಸಿಡುಕೇ ಅರ್ಧ ಸಂಭಾಷಣೆ.

ಪಂಚಾಯಿತಿ ಪ್ರಧಾನರ ಚುನಾವಣೆ ಗೆದ್ದವಳು ಮಂಜು ದೇವಿ, ದರ್ಬಾರು ಗಂಡನದು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಪಿಡಿಒ ಕೇಳಿದರೂ ಹತ್ತು ಕಥೆ ಹೇಳಿಯಾರು. ಜಿಲ್ಲಾಧಿಕಾರಿ ಪಟ್ಟು ಹಿಡಿದ ಮೇಲೆ ಮಂಜು ದೇವಿ ರಾಷ್ಟ್ರಗೀತೆ ಕಲಿತು ಧ್ವಜದ ಮುಂದೆ ನಿಲ್ಲುವ ಕಂತು, ನೀನಾ ಗುಪ್ತಾ ಅಭಿನಯದಿಂದಾಗಿ ಇಡೀ ಸರಣಿಯಲ್ಲೇ ಮೇಲಾದದ್ದು. ತಮಿಳು, ತೆಲುಗಿನವರು ಮರುನಿರ್ಮಾಣಕ್ಕೆ ಕೈಹಾಕಿದ್ದೂ ಮೊದಲ ಸೀಸನ್ನಿನ ಈ ಕಥೆಗೇ.

ಎರಡನೆಯ ಸೀಸನ್ನಿನ ಕೊನೆಗೆ ಉಪಪ್ರಧಾನ ಪ್ರಹ್ಲಾದನ ಯೋಧ ಮಗ ಸಾಯುತ್ತಾನೆ. ಪ್ರಹ್ಲಾದನಾಗಿ ಫೈಸಲ್ ಮಲಿಕ್ ಅಲ್ಲಿ ಅಳಿಸಿಬಿಟ್ಟರು. 2023ರಲ್ಲಿ ಗೋವಾ ಚಿತ್ರೋತ್ಸವ ಮೊದಲ ಬಾರಿಗೆ ಕೊಟ್ಟ ವೆಬ್ ಸರಣಿ ಪ್ರಶಸ್ತಿಯೂ ಈ ಸೀಸನ್ನಿಗೇ ಸಂದಿತು. ಆಮೇಲೆ ಸಾವು, ಶಾಸಕ, ಗುಂಡೇಟು, ಮತ ಎಣಿಕೆ. ಕಡತಗಳಿಗೆ ಧೂಳು ಹಿಡಿಯಿತು.

ಹೊಗಳಿಕೆಯ ಭರದಲ್ಲಿ ಹಲವರು ಇನ್ನೊಂದನ್ನು ಗಮನಿಸಲಿಲ್ಲ. ಕಾರ್ಯದರ್ಶಿ ತ್ರಿಪಾಠಿ, ಮಂಜು ದೇವಿಯ ಗಂಡ ದುಬೆ, ಪ್ರಹ್ಲಾದ ಪಾಂಡೆ, ಕಚೇರಿ ಸಹಾಯಕ ಶುಕ್ಲಾ: ಕಚೇರಿಯಲ್ಲಿ ಕೂತು ಚಹಾ ಕುಡಿಯುವ ನಾಲ್ವರೂ ಬ್ರಾಹ್ಮಣರು. ಜಾತಿಯ ಸುದ್ದಿಯೇ ಏಳದ ಉತ್ತರ ಪ್ರದೇಶದ ಹಳ್ಳಿ ‘ಸಹಜ’ವೆಂದು ನಾನು ಒಪ್ಪಲಾರೆ. ಕೆಲವು ವಿಮರ್ಶಕರು ಇದನ್ನು ಎತ್ತಿ ತೋರಿಸಿದರು. ಪ್ರೇಕ್ಷಕರ ಪ್ರೀತಿಯೇನೂ ಕುಂದಲಿಲ್ಲ.

ಹೊಸದಾಗಿ ನೋಡುವವರು ಮೊದಲ ಎರಡು ಸೀಸನ್ ಬಿಡದೆ ನೋಡಿ. ನಾಲ್ಕನೆಯದನ್ನು ನೋಡದಿದ್ದರೂ ನಷ್ಟವಿಲ್ಲ.