ಬಟ್ಟೆಯ ಕರಡಿ ಮತ್ತು ವಯಸ್ಕರ ಮಮತೆ

ಮಕ್ಕಳು ತೊರೆದ ಆಟಿಕೆಗಳನ್ನು ಹಿರಿಯರು ಎತ್ತಿಟ್ಟುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಆದರೆ ಒಂದೇ ಬಗೆಯ ಆಟಿಕೆಯನ್ನು ಆರಿಸಿ, ಅದನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿ, ಒಂದೊಂದಕ್ಕೂ ಹೆಸರಿಟ್ಟು, ಅದಕ್ಕಾಗಿ ವಸ್ತುಸಂಗ್ರಹಾಲಯಗಳನ್ನು ಕಟ್ಟಿ, ಹರಾಜಿನಲ್ಲಿ ಮನೆಯ ಬೆಲೆಯನ್ನೇ ತೆರುವ ಪದ್ಧತಿಯು ಇಂಗ್ಲೆಂಡ್, ಅಮೆರಿಕ, ಜರ್ಮನಿ, ಜಪಾನ್ ದೇಶಗಳ ವಯಸ್ಕರಲ್ಲಿ ಟೆಡ್ಡಿ ಬೇರ್ ಎಂಬ ಕರಡಿಗೊಂಬೆಯ ವಿಷಯದಲ್ಲಿ ಬೆಳೆದುಬಂದಿದೆ. ಇದನ್ನು ಹುಚ್ಚಾಟವೆಂದು ನಕ್ಕುಬಿಡುವವರಿದ್ದಾರೆ. ಮುಗ್ಧತೆಯೆಂದು ಕೊಂಡಾಡುವವರೂ ಇದ್ದಾರೆ. ಎರಡೂ ಅವಸರದ ತೀರ್ಪುಗಳು. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಬಾಡದೆ ಉಳಿದಿರುವ ಈ ಮಮತೆಯ ಹಿಂದೆ ಏನಿದೆ, ಅದರಲ್ಲಿ ಮಾನ್ಯವಾದುದೆಷ್ಟು, ಬರಿಯ ವ್ಯಾಮೋಹವೆಷ್ಟು ಎಂಬುದನ್ನು ನಿಧಾನವಾಗಿ ತೂಗಿ ನೋಡಬೇಕಾಗಿದೆ.

ಗೊಂಬೆಯ ಹುಟ್ಟಿನ ಕಥೆಯಿಂದಲೇ ವಿಚಾರವು ಆರಂಭವಾಗಬೇಕು. ಏಕೆಂದರೆ ಸಂಗ್ರಾಹಕರು ತಮ್ಮ ಪ್ರೀತಿಗೆ ಕೊಡುವ ಮೊದಲ ಸಮರ್ಥನೆಯೇ ಆ ಕಥೆ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಮಿಸಿಸಿಪಿ ರಾಜ್ಯದ ಆನ್ವರ್ಡ್ ಎಂಬ ಊರಿನ ಬಳಿ ಕರಡಿಯ ಬೇಟೆಗೆ ಹೋಗಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಹೆಸರಾಂತ ಬೇಟೆಗಾರರಾದ ಹೋಲ್ಟ್ ಕೊಲಿಯರ್ ಅವರು ಮಾರ್ಗದರ್ಶಿಗಳು. ಅಧ್ಯಕ್ಷರಿಗೆ ಬೇಟೆ ಸಿಗಲಿಲ್ಲವೆಂದು ಕೊಲಿಯರರು ಒಂದು ಕರಡಿಯನ್ನು ಬಂದೂಕಿನ ಹಿಡಿಯಿಂದ ಬಡಿದು ಮರಕ್ಕೆ ಕಟ್ಟಿಹಾಕಿ ಅವರನ್ನು ಕರೆಸಿದರು. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹಾರಿಸಲು ರೂಸ್‌ವೆಲ್ಟರು ಒಪ್ಪಲಿಲ್ಲ. ನವೆಂಬರ್ 16ರ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ನರ ವ್ಯಂಗ್ಯಚಿತ್ರ ಅಚ್ಚಾಯಿತು. ಮುಂದಿನ ಚಿತ್ರಗಳಲ್ಲಿ ಅವರ ಲೇಖನಿಯಿಂದ ಆ ಕರಡಿ ಕಿರಿದಾಗುತ್ತ, ದುಂಡಗಾಗುತ್ತ, ಅಂಜಿದ ಮರಿಯಾಯಿತು. ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿ ನಡೆಸುತ್ತಿದ್ದ ಮಾರಿಸ್ ಮಿಕ್ಟಮ್ ಮತ್ತು ರೋಸ್ ದಂಪತಿಗಳು ಬಟ್ಟೆಯ ಕರಡಿಯೊಂದನ್ನು ಹೊಲಿದು, ಅಧ್ಯಕ್ಷರ ಮುದ್ದಿನ ಹೆಸರನ್ನು ಅದಕ್ಕಿಟ್ಟು ಅಂಗಡಿಯ ಕಿಟಕಿಯಲ್ಲಿ ಇಟ್ಟರು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಡೆದದ್ದು ಇನ್ನೂ ಸ್ವಲ್ಪವಿದೆ. ಗುಂಡು ಹಾರಿಸಲು ಒಪ್ಪದ ಅಧ್ಯಕ್ಷರು, ಗಾಯಗೊಂಡ ಆ ಪ್ರಾಣಿಯ ನೋವನ್ನು ಮುಗಿಸಿಬಿಡಿರೆಂದು ಹೇಳಿದರು. ಅದನ್ನು ಚಾಕುವಿನಿಂದ ಕೊಲ್ಲಲಾಯಿತು. ಅವರನ್ನು ತಡೆದದ್ದು ಬೇಟೆಗಾರರ ಮರ್ಯಾದೆ. ಓಡಲಾರದ ಪ್ರಾಣಿಯನ್ನು ಹೊಡೆಯುವುದು ಶೂರನಿಗೆ ತಕ್ಕುದಲ್ಲವೆಂಬ ಆ ಭಾವನೆಯಲ್ಲಿ ಒಂದು ಬಗೆಯ ಸಂಯಮವೇನೋ ಇದೆ. ಅದನ್ನು ಜೀವದಯೆಯೆಂದು ಕರೆಯಲು ಮಾತ್ರ ಬಾರದು. 1909–10ರಲ್ಲಿ ಅವರೇ ಮಗ ಕರ್ಮಿಟ್‌ನೊಡನೆ ಆಫ್ರಿಕಕ್ಕೆ ಹೋದಾಗ ತಂದೆ ಮಗ ಇಬ್ಬರೂ ಸೇರಿ 512 ಪ್ರಾಣಿಗಳನ್ನು ಹೊಡೆದರು. ಆ ಯಾತ್ರೆಯಲ್ಲಿ ಕೂಡಿಸಿದ ಚರ್ಮ, ಎಲುಬುಗಳು ಸ್ಮಿತ್ಸೋನಿಯನ್ ಸಂಸ್ಥೆಗೆ ಸಂದವು. ಮಿಕ್ಟಮ್ ಮನೆತನದ ಹಳೆಯ ಕರಡಿಗೊಂಬೆಯೊಂದೂ ಇಂದು ಅದೇ ಸಂಸ್ಥೆಯ ಅಮೆರಿಕನ್ ಇತಿಹಾಸದ ಸಂಗ್ರಹಾಲಯದಲ್ಲಿದೆ. ಒಬ್ಬನೇ ಮನುಷ್ಯನ ಹೆಸರಿಗೆ ಸೇರಿದ ಎರಡು ಲೆಕ್ಕಗಳು ಒಂದೇ ಖಾತೆಯಲ್ಲಿ ಹೀಗೆ ಕುಳಿತಿವೆ. ಬಟ್ಟೆಯ ಕರಡಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಹೆಚ್ಚಿದ ಕಾಲದಲ್ಲಿಯೇ ಮಿಸಿಸಿಪಿಯ ಕಾಡಿನ ನಿಜವಾದ ಕರಡಿ ಕ್ಷೀಣಿಸುತ್ತ ಬಂತು. ಲೂಸಿಯಾನ ಕಪ್ಪು ಕರಡಿಯೆಂಬ ಆ ತಳಿಯನ್ನು 1992ರಲ್ಲಿ ಅಳಿವಿನ ಭಯವುಳ್ಳ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಚೇತರಿಕೆಯ ಪ್ರಯತ್ನಗಳ ಬಳಿಕ 2016ರಲ್ಲಿ ಅದನ್ನು ಪಟ್ಟಿಯಿಂದ ತೆಗೆಯಲಾಗಿದೆ.

ಆದುದರಿಂದ ಗೊಂಬೆಯು ದಯೆಯ ಸ್ಮಾರಕವೆಂಬ ಸಮರ್ಥನೆ ನಿಲ್ಲುವುದಿಲ್ಲ. ಆದರೂ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಕರಡಿ ಬದುಕಿತೆಂದು ಕೇಳಲು ಜನರು ಬಯಸಿದರು. ಚಿತ್ರಕಾರನ ಅಂಜಿದ ಮರಿಯನ್ನು ಕಂಡು, ಕಾಡಿನಲ್ಲಿ ಬಿದ್ದ ಹೆಣವನ್ನು ಮರೆತರು. ಘಟನೆ ಹಾಗೆ ನಡೆಯದಿದ್ದರೂ ಆ ಬಯಕೆಯಂತೂ ನಿಜವಾದುದು; ಗೊಂಬೆಯ ಆಕರ್ಷಣೆಯು ಅಧ್ಯಕ್ಷರ ಕೀರ್ತಿ ಮಾಸಿದ ಮೇಲೆಯೂ ಉಳಿದದ್ದಕ್ಕೆ ಅದೇ ಮುಖ್ಯ ಕಾರಣವೆಂದು ತೋರುತ್ತದೆ.

ಅದೇ ವೇಳೆಗೆ ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ ಇನ್ನೊಂದು ಕರಡಿ ಸಿದ್ಧವಾಗಿತ್ತು. 1847ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಪೋಲಿಯೊದಿಂದ ನಡೆಯಲಾರದವರಾದ ಮಾರ್ಗರೆಟೆ ಸ್ಟೈಫ್ ಎಂಬ ಮಹಿಳೆ ಅಲ್ಲಿ ಹೊಲಿಗೆಯ ವೃತ್ತಿಯಿಂದ ಬದುಕು ಕಟ್ಟಿಕೊಂಡಿದ್ದರು. ಸೂಜಿ ಚುಚ್ಚಿಡಲೆಂದು ಮಾಡಿದ ಬಟ್ಟೆಯ ಆನೆಯನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡುದರಿಂದ ಅವರ ಗೊಂಬೆಗಳ ಉದ್ಯಮ ಬೆಳೆಯಿತು. ಅವರ ಸೋದರನ ಮಗ ರಿಚರ್ಡ್ ಸ್ಟೈಫರು 1902ರಲ್ಲಿ ಕೈಕಾಲು ತಿರುಗುವ ಕರಡಿಯನ್ನು ರೂಪಿಸಿದರು. 1903ರ ಲೈಪ್ಜಿಗ್ ಮೇಳದಲ್ಲಿ ಅಮೆರಿಕದ ವ್ಯಾಪಾರಿಯೊಬ್ಬರಿಂದ 3,000 ಕರಡಿಗಳಿಗೆ ಬೇಡಿಕೆ ಬಂತು. 1907ರ ಒಂದೇ ವರ್ಷದಲ್ಲಿ 9,70,000ಕ್ಕೂ ಹೆಚ್ಚು ಕರಡಿಗಳು ತಯಾರಾದವು. ಅಂಗೋರ ಮೇಕೆಯ ಕೂದಲಿನಿಂದ ನೆಯ್ದ ಮೊಹೇರ್ ಬಟ್ಟೆ, ಒಳಗೆ ಮರದ ಎಳೆ, ಬೂಟಿನ ಗುಂಡಿಗಳೇ ಕಣ್ಣು. ಇವೆಲ್ಲಕ್ಕಿಂತ ದೂರದೃಷ್ಟಿಯ ಕೆಲಸವೆಂದರೆ 1904ರಿಂದ ಪ್ರತಿ ಗೊಂಬೆಯ ಕಿವಿಗೆ ಲೋಹದ ಗುಂಡಿಯೊಂದನ್ನು ಹಾಕಿದ್ದು. ಅಂದು ಅದು ನಕಲಿಗಳಿಂದ ರಕ್ಷಣೆಗಾಗಿ ಇಟ್ಟ ಮೊಹರು. ಇಂದು ಸಂಗ್ರಾಹಕರ ಕಣ್ಣು ಮೊದಲು ಹೋಗುವುದು ಗೊಂಬೆಯ ಮುಖಕ್ಕಲ್ಲ, ಆ ಗುಂಡಿಗೆ. ವ್ಯಾಪಾರ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಮೂಲ ಗೊತ್ತಿಲ್ಲದ ಸರಕಿಗೆ ಎಷ್ಟೇ ಪ್ರೀತಿಯಿದ್ದರೂ ಪೇಟೆಯಲ್ಲಿ ದರ ನಿಲ್ಲುವುದಿಲ್ಲ.

ಸಾಹಿತ್ಯವು ಈ ಮಮತೆಯನ್ನು ಹೇಗೆ ಕಂಡಿದೆಯೆಂಬುದು ಹೆಚ್ಚು ಸ್ವಾರಸ್ಯಕರ. ಇಂಗ್ಲಿಷ್ ಕವಿ ಜಾನ್ ಬೆಟ್ಜಮನ್ನರು ಆರ್ಚಿಬಾಲ್ಡ್ ಎಂಬ ತಮ್ಮ ಕರಡಿಯನ್ನು ಆಕ್ಸ್‌ಫರ್ಡಿಗೂ ಒಯ್ದಿದ್ದರು. ಅದಕ್ಕೆ ಕಟ್ಟುನಿಟ್ಟಿನ ಬ್ಯಾಪ್ಟಿಸ್ಟ್ ಪಂಥದ ನಂಬಿಕೆಗಳಿವೆಯೆಂದು ಕಲ್ಪಿಸಿ ಮಕ್ಕಳಿಗಾಗಿ ಕಥೆಯನ್ನೂ ಬರೆದರು. ರಾಷ್ಟ್ರದ ಆಸ್ಥಾನಕವಿಯಾಗಿದ್ದಾಗಲೂ ಅದನ್ನು ಬಿಡಲಿಲ್ಲ. 1984ರಲ್ಲಿ ತೀರಿಕೊಂಡಾಗ ಅದು ಅವರ ತೋಳಿನಲ್ಲಿಯೇ ಇತ್ತು. ಈ ಕರಡಿಯ ನೆನಪಿನಿಂದಲೇ ಈವ್ಲಿನ್ ವಾ ಅವರು 1945ರಲ್ಲಿ ಪ್ರಕಟಿಸಿದ ‘ಬ್ರೈಡ್ಸ್‌ಹೆಡ್ ರೀವಿಸಿಟೆಡ್’ ಕಾದಂಬರಿಯಲ್ಲಿ ಸೆಬಾಸ್ಟಿಯನ್ ಎಂಬ ಶ್ರೀಮಂತ ಯುವಕನ ಕೈಗೆ ಅಲೋಶಿಯಸ್ ಎಂಬ ಕರಡಿಯನ್ನು ಕೊಟ್ಟರು. ಆ ಯುವಕನು ಕರಡಿಯ ಹೆಸರು ಕೆತ್ತಿಸಿದ ದಂತದ ಬ್ರಷ್ ಒಂದನ್ನು ಕೊಳ್ಳುತ್ತಾನೆ. ಕೂದಲು ಬಾಚಲಿಕ್ಕಲ್ಲ, ಅದು ಮುನಿಸಿಕೊಂಡಾಗ ಹೊಡೆಯುತ್ತೇನೆಂದು ಹೆದರಿಸಲಿಕ್ಕೆ! ಓದುವಾಗ ನಗು ಬರುತ್ತದೆ. ಆದರೆ ಮುಂದೆ ಅವನು ಕುಡಿತಕ್ಕೆ ಬಿದ್ದು, ಮನೆಯವರನ್ನು ತೊರೆದು, ಉತ್ತರ ಆಫ್ರಿಕದ ಮಠವೊಂದರ ಬಾಗಿಲಲ್ಲಿ ಒಳಗೂ ಅಲ್ಲದೆ ಹೊರಗೂ ಅಲ್ಲದೆ ಉಳಿಯುತ್ತಾನೆ. ಕರಡಿಯು ಕಥೆಯಿಂದ ಸದ್ದಿಲ್ಲದೆ ಮರೆಯಾಗುತ್ತದೆ. ಬಾಲ್ಯವನ್ನು ಬಿಡಲಾರದವನಿಗೆ ಗೊಂಬೆ ಆಸರೆಯಾಗಲಾರದೆಂಬುದು ವಾ ಅವರ ನಿಲುವು. ಒಬ್ಬ ಸೆಬಾಸ್ಟಿಯನ್ನನ ಮಟ್ಟಿಗೆ ಇದು ಸರಿ. ಅದೇ ಬೀಜದಿಂದ ಬಂದ ಬೆಟ್ಜಮನ್ನರ ತುಂಬು ಜೀವನಕ್ಕೆ ಇದು ಅನ್ವಯಿಸುವುದಿಲ್ಲ. ಕಾದಂಬರಿಯ ತೀರ್ಪನ್ನು ಎಲ್ಲ ವಯಸ್ಕರ ಮೇಲೆ ಹೊರಿಸುವ ವಿಮರ್ಶಕರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ವಯಸ್ಕರ ಕರಡಿಪ್ರೀತಿಯನ್ನು ಬಹಿರಂಗವಾಗಿ ಒಪ್ಪಿಕೊಂಡು ಬರೆದವರಲ್ಲಿ ಮೊದಲಿಗರು ಇಂಗ್ಲಿಷ್ ನಟ ಪೀಟರ್ ಬುಲ್. ಶಾಲೆಯ ದಿನಗಳಲ್ಲಿ ಅವರು ಮನೆಯಿಂದ ದೂರವಿದ್ದಾಗ ತಾಯಿ ಅವರ ಕರಡಿಯನ್ನು ಹಳೆಯ ಸಾಮಾನುಗಳ ಮಾರಾಟಕ್ಕೆ ಕೊಟ್ಟುಬಿಟ್ಟರಂತೆ. ಆ ಕೊರತೆಯನ್ನು ಮರೆಯದ ಬುಲ್ಲರು 1969ರಲ್ಲಿ ‘ಬೇರ್ ವಿತ್ ಮಿ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಮೆರಿಕದ ಮೇನ್ ರಾಜ್ಯದ ಅಂಗಡಿಯೊಂದರಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಹಲಗೆಯ ಮೇಲೆ ಕುಳಿತು ಗಿರಾಕಿಗಳನ್ನು ನೋಡುತ್ತಿದ್ದ ಕರಡಿಯೊಂದನ್ನು ಅದರ ಒಡತಿ ಇವರಿಗೆ ಕಳುಹಿಸಿಕೊಟ್ಟರು. 1981ರ ದೂರದರ್ಶನ ಧಾರಾವಾಹಿಯಲ್ಲಿ ಅಲೋಶಿಯಸ್ ಆಗಿ ಕಾಣಿಸಿಕೊಂಡದ್ದು ಆ ಅಂಗಡಿಯ ಕರಡಿಯೇ. ಮಾರಾಟದ ಸರಕುಗಳ ನಡುವೆ ಅರ್ಧ ಶತಮಾನ ಕುಳಿತೂ ಬೆಲೆಗೆ ಹೋಗದೆ, ಕೊನೆಗೆ ಕಾಣಿಕೆಯಾಗಿ ಹೋದದ್ದು ಅದರ ವಿಶೇಷ.

ಮನೋವೈದ್ಯ ಡೊನಾಲ್ಡ್ ವಿನ್ನಿಕಟ್ಟರು 1951ರಲ್ಲಿ ಮಂಡಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಬಹಳ ಉಲ್ಲೇಖಗೊಳ್ಳುತ್ತದೆ. ತಾಯಿಯಿಂದ ಬೇರೆಯಾಗಿ ಲೋಕಕ್ಕೆ ಕಾಲಿಡುವ ಶಿಶುವಿಗೆ ಬಟ್ಟೆಯ ತುಂಡೋ ಗೊಂಬೆಯೋ ನಡುವಿನ ಸೇತುವೆಯಾಗುತ್ತದೆಂದು ಅವರು ತೋರಿಸಿಕೊಟ್ಟರು. ಸಂಗ್ರಾಹಕರು ಇದನ್ನು ತಮ್ಮ ಪರವಾದ ಸಾಕ್ಷಿಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಆ ಪ್ರಬಂಧದ ಇನ್ನೊಂದು ಭಾಗ ಅವರಿಗೆ ಅನುಕೂಲವಾಗಿಲ್ಲ: ಆ ವಸ್ತುವಿನ ಮೇಲಣ ಭಾರ ತಾನಾಗಿ ಇಳಿಯುತ್ತ ಹೋಗಬೇಕು, ಅದಕ್ಕಾಗಿ ಯಾರೂ ಶೋಕಿಸುವುದಿಲ್ಲವೆಂದು ವಿನ್ನಿಕಟ್ಟರು ಹೇಳುತ್ತಾರೆ. ಸೇತುವೆಯನ್ನು ದಾಟಿದವನು ಸೇತುವೆಗಳನ್ನು ಕೂಡಿಸುತ್ತ ಕುಳಿತರೆ ಅದು ಬೇರೆಯೇ ಒಂದು ವ್ಯಾಪಾರ.

ವ್ಯಾಪಾರವೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. 1994ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಟೆಡ್ಡಿ ಗರ್ಲ್’ ಎಂಬ, 1904ರ ಸ್ಟೈಫ್ ಕರಡಿಯೊಂದು 1,10,000 ಪೌಂಡುಗಳಿಗೆ ಮಾರಾಟವಾಯಿತು. ಕೊಂಡವರು ಜಪಾನಿನ ಉದ್ಯಮಿ ಯೋಶಿಹಿರೊ ಸೆಕಿಗುಚಿ. ಇಜು ಪ್ರದೇಶದ ತಮ್ಮ ಕರಡಿ ಸಂಗ್ರಹಾಲಯಕ್ಕಾಗಿ. ಅದೇ ವರ್ಷದ ಅದೇ ತಯಾರಿಕೆಯ ಬೇರೊಂದು ಕರಡಿಗೆ ಅಷ್ಟು ಹಣ ಬರುತ್ತಿರಲಿಲ್ಲ. ಬೆಲೆ ಬಂದದ್ದು ಅದು ಕರ್ನಲ್ ಬಾಬ್ ಹೆಂಡರ್ಸನ್ನರ ಜೀವನಪರ್ಯಂತದ ಸಂಗಾತಿಯಾಗಿತ್ತೆಂಬ ವೃತ್ತಾಂತಕ್ಕೆ. ಪೇಟೆಯ ಸಾಮಾನ್ಯ ನಿಯಮವಾದರೋ ಇದಕ್ಕೆ ವಿರುದ್ಧ: ಮಗು ಮುದ್ದಾಡಿ ಕೂದಲು ಸವೆದ ಕರಡಿಗೆ ಕಡಿಮೆ ಬೆಲೆ, ಯಾವ ಮಗುವೂ ಮುಟ್ಟದೆ ಪೆಟ್ಟಿಗೆಯಲ್ಲಿ ಉಳಿದುದಕ್ಕೆ ಹೆಚ್ಚು. ಪ್ರೀತಿಯ ಹೆಸರಿನಲ್ಲಿ ನಡೆಯುವ ಪೇಟೆಯಲ್ಲಿ ಪ್ರೀತಿಯ ಗುರುತೇ ಕಸರಾಗಿ ವಜಾ ಆಗುತ್ತದೆ. ಆ ಪ್ರೀತಿಗೆ ಕಾಗದಪತ್ರದ ಆಧಾರವಿದ್ದರೆ ಮಾತ್ರ ಜಮೆಯಾಗುತ್ತದೆ.

ಹಳೆಯ ಕರಡಿಗಳು ವಿರಳವಾದದ್ದು ಮಕ್ಕಳ ಕೈಯಲ್ಲಿ ಸವೆದು. 1980ರಲ್ಲಿ ಸ್ಟೈಫ್ ಸಂಸ್ಥೆಯು ತನ್ನ ಶತಮಾನೋತ್ಸವಕ್ಕೆ ಹಳೆಯ ಕರಡಿಯ ಪ್ರತಿರೂಪವನ್ನು 11,000ಕ್ಕೆ ಮಿತಗೊಳಿಸಿ ಹೊರತಂದ ಬಳಿಕ, ವಿರಳತೆಯನ್ನು ಕಾರ್ಖಾನೆಯ ಕಚೇರಿಯಲ್ಲಿಯೇ ನಿಶ್ಚಯಿಸುವ ಕ್ರಮ ರೂಢಿಗೆ ಬಂತು. ಅಮೆರಿಕದ ಟೈ ಸಂಸ್ಥೆಯು 1993ರಲ್ಲಿ ಆರಂಭಿಸಿದ ಬೀನಿ ಬೇಬಿ ಗೊಂಬೆಗಳಲ್ಲಿ ಈ ತಂತ್ರ ಪರಾಕಾಷ್ಠೆಗೆ ಮುಟ್ಟಿತು. ಒಂದೊಂದು ಗೊಂಬೆಯನ್ನು ನಿಲ್ಲಿಸಿದೆವೆಂದು ಸಾರಿದಾಗಲೂ ಜನರು ಮುಗಿಬಿದ್ದು ಕೊಂಡರು. 1999ರಲ್ಲಿ ವಿಚ್ಛೇದನ ಪಡೆದ ದಂಪತಿಗಳು ಲಾಸ್ ವೇಗಾಸಿನ ನ್ಯಾಯಾಲಯದ ನೆಲದ ಮೇಲೆ ಕುಳಿತು ಈ ಗೊಂಬೆಗಳನ್ನು ಪಾಲು ಮಾಡಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂತು. ಅನಂತರ ದರ ಕುಸಿಯಿತು. ಇಂಥದನ್ನು ಸಂಗ್ರಹವೆನ್ನುವುದಕ್ಕಿಂತ ಸಟ್ಟಾ ಎನ್ನುವುದು ಲೇಸು.

ಶ್ರಾವಕರ ಪರಿಗ್ರಹ ಪರಿಮಾಣ ವ್ರತವನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ಸುಲಭವಾದ ತೀರ್ಪು ತಟ್ಟನೆ ಹೊಳೆಯಬಹುದು: ಇದೆಲ್ಲವೂ ಪರಿಗ್ರಹ, ಆದುದರಿಂದ ಹೇಯ. ಆದರೆ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನ ಎಣಿಕೆಯಿಂದ ನಿರ್ಣಯಿಸದೆ ಮೂರ್ಛೆಯಿಂದ, ಎಂದರೆ ವಸ್ತುವಿಗೆ ಅಂಟಿಕೊಂಡ ಮನಸ್ಸಿನಿಂದ ನಿರ್ಣಯಿಸಿದೆ. ಆ ಅಳತೆಯಲ್ಲಿ ಒಂದೇ ಕರಡಿಯನ್ನು ಬಿಡಲಾರದವನು ಐನೂರು ಕರಡಿಗಳ ಒಡೆಯನಿಗಿಂತ ಹೆಚ್ಚು ಕಟ್ಟಿಗೆ ಒಳಗಾಗಿರಬಹುದು. ಬರಿಯ ಬಟ್ಟೆಯ ಗೊಂಬೆಗೆ ಇಷ್ಟು ವಿಚಾರವೇಕೆ ಎನ್ನುವವರಿಗೆ 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯೇ ಉತ್ತರ. ಅಲ್ಲಿ ಯಶೋಧರನೂ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಗೆ ಅವರು ಪಶುಪಕ್ಷಿಗಳ ಜನ್ಮಜನ್ಮಗಳಲ್ಲಿ ತೊಳಲಿದರು. ಜೀವವಿಲ್ಲದ ಆಕೃತಿಯ ಮೇಲೆ ಎರಗಿದ ಕತ್ತಿಯೂ ಭಾವದ ಮೂಲಕ ಫಲ ಕೊಡುತ್ತದೆಂದಾದರೆ, ಜೀವವಿಲ್ಲದ ಆಕೃತಿಯ ಮೇಲೆ ಹರಿದ ಅಕ್ಕರೆಯನ್ನು ಶೂನ್ಯವೆಂದು ತಳ್ಳಿಹಾಕುವುದು ನ್ಯಾಯವೆನಿಸದು. ಅಕ್ಕರೆಯು ಗಾಜಿನ ಕಪಾಟಿನಲ್ಲಿ ನಿಂತುಹೋಯಿತೇ, ಇಲ್ಲವೇ ಅಲ್ಲಿಂದ ಮುಂದೆ ಜೀವವಿರುವವರ ಕಡೆಗೆ ಹರಿಯಿತೇ ಎಂಬುದನ್ನು ಒಬ್ಬೊಬ್ಬರ ವಿಷಯದಲ್ಲಿಯೂ ಬೇರೆಯಾಗಿ ಕೇಳಬೇಕಾಗುತ್ತದೆ.

ಕರ್ನಲ್ ಹೆಂಡರ್ಸನ್ನರ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಆಸ್ಪತ್ರೆಗಳಲ್ಲಿ ನರಳುವ, ಆಘಾತಕ್ಕೆ ಸಿಕ್ಕ ಮಕ್ಕಳಿಗೆ ಕರಡಿಗೊಂಬೆಗಳನ್ನು ಹಂಚುವ ‘ಗುಡ್ ಬೇರ್ಸ್ ಆಫ್ ದಿ ವರ್ಲ್ಡ್’ ಎಂಬ ಸಂಘದ ಬ್ರಿಟಿಷ್ ಶಾಖೆಯನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. ಅವರು 1990ರಲ್ಲಿ ತೀರಿಕೊಂಡರು. ಹರಾಜಿನ ದಾಖಲೆ ಬೆಲೆಯನ್ನು ಅವರು ಕಾಣಲಿಲ್ಲ. ಇಂಗ್ಲೆಂಡಿನ ಲೇಖಕ ಜೈಲ್ಸ್ ಬ್ರಾಂಡ್ರೆತ್ ಅವರು ತಮ್ಮ ಸಂಗ್ರಹವನ್ನು 1988ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಸಾರ್ವಜನಿಕರಿಗೆ ತೆರೆದರು. ಮುಂದೆ ಅದು ಲಂಡನ್ನಿನ ಮಕ್ಕಳ ರಂಗಮಂದಿರವೊಂದಕ್ಕೆ ಹೋಗಿ, 2016ರಲ್ಲಿ ಯಾರ್ಕ್‌ಷೈರಿನ ನ್ಯೂಬಿ ಹಾಲ್ ಎಂಬ ಹಳೆಯ ಮಹಲನ್ನು ಸೇರಿತು. ಒಡೆಯರು ಬದುಕಿರುವಾಗಲೇ ಅವರ ಮನೆಯ ಕಪಾಟು ಬರಿದಾಯಿತು. ಇಂಥ ಸಂಗ್ರಹಗಳಲ್ಲಿ ಅದು ಅಪರೂಪವೇ.