ಮನೆಯ ವೈಫೈಗೆ ಯಾವ ಯಂತ್ರ? — ಒಂದು ವಿಭಜನೆಯ ವಿಮರ್ಶೆ

ಮನೆಗೆ ವೈಫೈ ಹಾಕಿಸಿಕೊಳ್ಳುವವರು ಗೃಹಬಳಕೆಯ ಯಂತ್ರವನ್ನು ಕೊಳ್ಳಬೇಕೆ, ಅಥವಾ ಕಚೇರಿ, ಆಸ್ಪತ್ರೆ, ಹೋಟೆಲುಗಳಿಗೆಂದು ತಯಾರಾಗುವ ‘ಎಂಟರ್‌ಪ್ರೈಸ್’ ಆಕ್ಸೆಸ್ ಪಾಯಿಂಟನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಇತಿಹಾಸ ವಿಭಾಗದ ಸಂಚಿಕೆಗೆ ಹೊರತಾದುದೆಂದು ಕೆಲವರಿಗೆ ತೋರಬಹುದು. ಆದರೆ ದಾಖಲೆಯೊಂದನ್ನು ಕೈಗೆತ್ತಿಕೊಂಡೊಡನೆ ಇದನ್ನು ಯಾರು, ಯಾರಿಗಾಗಿ ಬರೆದರು ಎಂದು ಕೇಳುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಪೆಟ್ಟಿಗೆಯ ಮೇಲಣ ಬರಹಕ್ಕೂ ಆ ಪ್ರಶ್ನೆಯನ್ನು ಹಾಕದೆ ಬಿಡಲು ಕಾರಣವಿಲ್ಲ.

ನಮಗೆ ಈ ವಿಚಾರ ಎದುರಾದುದು ಬೆಂಗ್ರೆಯಲ್ಲಿ. ಮಂಗಳೂರಿನ ಹಳೆಯ ಬಂದರಿನಿಂದ ದೋಣಿಯಲ್ಲಿ ಹೊಳೆ ದಾಟಿದರೆ ಸಿಗುವ, ಒಂದು ಮಗ್ಗುಲಲ್ಲಿ ಫಲ್ಗುಣಿಯೂ ಇನ್ನೊಂದು ಮಗ್ಗುಲಲ್ಲಿ ಕಡಲೂ ಇರುವ ಆ ಮರಳುಪಟ್ಟಿಯ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಿದೆ. ಮುಂಭಾಗ ಮುರಕಲ್ಲಿನ ದಪ್ಪ ಗೋಡೆಯ ಹಂಚಿನ ಮನೆ. ಹಿಂಭಾಗ ಅವನ ಅಣ್ಣನ ಗಲ್ಫ್ ಸಂಪಾದನೆಯಿಂದ ಎದ್ದ ತಾರಸಿಯ ಎರಡು ಕೋಣೆ. ಫೈಬರ್ ತಂತಿ ಬಂದು ಮುಟ್ಟಿದುದು ಮುಂದಿನ ಚಾವಡಿಗೆ. ಆದುದರಿಂದ ತಾಯಿ ದೂರದ ಮಗನೊಡನೆ ಮಾತನಾಡಬೇಕಾದರೆ ಚಾವಡಿಯಲ್ಲೇ, ಬಂದುಹೋಗುವ ನೆರೆಯವರ ಕಿವಿಗೆ ಬೀಳುವಂತೆ ಮಾತನಾಡಬೇಕು. ತಂಗಿಯ ಓದಿನ ಕೋಣೆಗಂತೂ ಅಲೆ ತಲಪುತ್ತಲೇ ಇರಲಿಲ್ಲ. ಹುಡುಗ ಯೋಚಿಸಿ, ಕಚೇರಿಯೊಂದು ವಿಲೇವಾರಿ ಮಾಡಿದ ಎಂಟರ್‌ಪ್ರೈಸ್ ಯಂತ್ರವನ್ನು ಅಗ್ಗವಾಗಿ ಕೊಂಡುತಂದ. “ಇಡೀ ಕಚೇರಿಗೆ ಸಾಲುತ್ತಿದ್ದುದು ನಮ್ಮ ನಾಲ್ಕು ಕೋಣೆಗೆ ಸಾಲದೆ ಸರ್?” ಎಂಬುದು ಅವನ ವಾದ. ಯಂತ್ರದ ದೀಪ ಹೊತ್ತಿತು. ಕೆಲಸ ಮಾತ್ರ ನಡೆಯಲಿಲ್ಲ. ಅದು ತನ್ನ ಹಳೆಯ ಕಚೇರಿಯ ನಿಯಂತ್ರಕವನ್ನು ಹುಡುಕುತ್ತಲೇ ಇತ್ತು.

ಆ ವಾದವನ್ನು ಹಲವು ವಿದ್ಯಾವಂತರ ಬಾಯಲ್ಲಿಯೂ ಕೇಳಿದ್ದೇವೆ. ದೊಡ್ಡ ಸಂಸ್ಥೆಗೆ ಒದಗುವುದು ಉತ್ತಮವಾದುದು, ಮನೆಗೆ ಮಾರುವುದು ಅದರ ಕೆಳದರ್ಜೆಯ ರೂಪ ಎಂಬುದು ಅದರ ತಳಹದಿ. ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ನರು ಹವಾಯಿ ದ್ವೀಪಗಳ ನಡುವಣ ನೀರನ್ನು ರೇಡಿಯೋ ಅಲೆಯಿಂದ ದಾಟಿಸಿ ಗಣಕಯಂತ್ರಕ್ಕೆ ಸಂಪರ್ಕ ಕಲ್ಪಿಸಿದಾಗ ಅದು ವಿಶ್ವವಿದ್ಯಾನಿಲಯದ ಸೊತ್ತಾಗಿತ್ತು, ನಿಜ. ಆದರೆ 1997ರಲ್ಲಿ ವೈಫೈಯ ಮೂಲಮಾನಕ ಪ್ರಕಟವಾದಂದಿನಿಂದ ಮನೆಯ ಯಂತ್ರವೂ ಸಂಸ್ಥೆಯ ಯಂತ್ರವೂ ಆಡುವ ಭಾಷೆ ಒಂದೇ. ಭಾರತದಲ್ಲಿ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ 2018ರಲ್ಲಿ 5 ಗಿಗಾಹರ್ಟ್ಸಿನ ಬಹುಭಾಗವನ್ನೂ ಲೈಸೆನ್ಸಿನಿಂದ ಮುಕ್ತಗೊಳಿಸಿದಾಗ ವಿಧಿಸಿದ ಶಕ್ತಿಯ ಮಿತಿ ಮನೆಗೊಂದು, ಕಚೇರಿಗೊಂದು ಎಂದಿಲ್ಲ. ಮಿಗಿಲಾಗಿ, ಯಂತ್ರ ಎಷ್ಟು ಗಟ್ಟಿಯಾಗಿ ಕೂಗಿದರೇನು? ಕೈಯಲ್ಲಿರುವ ಫೋನು ಮೆಲುದನಿಯಲ್ಲೇ ಉತ್ತರಿಸಬೇಕು. ಕಡವಿನ ಈ ದಡದಲ್ಲಿ ಧ್ವನಿವರ್ಧಕ ಹಿಡಿದು ಕೂಗಿದವನಿಗೆ ಆಚೆ ದಡದವನ ಬರಿಗಂಟಲಿನ ಮಾತೂ ಕೇಳಿಸಬೇಕಷ್ಟೆ.

ಹಾಗೆಂದು ಗೃಹಬಳಕೆಯ ಪೆಟ್ಟಿಗೆಯ ಪರವಾಗಿ ವಾದಿಸುವುದೂ ನಮ್ಮ ಉದ್ದೇಶವಲ್ಲ. ಅದರ ಮೈಮೇಲೆ ಕೊಂಬುಗಳಂತೆ ನಿಂತ ಆಂಟೆನಾಗಳೂ ದಪ್ಪ ಅಂಕಿಗಳೂ ಬಹುಮಟ್ಟಿಗೆ ಮಾರಾಟದ ಅಲಂಕಾರ. 3000 ಎಂದು ಮುದ್ರಿಸಿದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿಯ 574ನ್ನೂ ಇನ್ನೊಂದರ 2402ನ್ನೂ ಕೂಡಿಸಿ ಮೇಲಕ್ಕೇರಿಸಿರುತ್ತಾರೆ. ಫೋನು ಸಾಧಾರಣವಾಗಿ ಒಂದು ಸಲಕ್ಕೆ ಒಂದೇ ಪಟ್ಟಿಯಲ್ಲಿ ಸಂಚರಿಸುವುದರಿಂದ ಆ ಮೊತ್ತ ಯಾರ ಕೈಗೂ ಸಿಗುವಂತಹುದಲ್ಲ. ಎರಡು ಬಸ್ಸುಗಳ ವೇಗವನ್ನು ಕೂಡಿಸಿ ಪ್ರಯಾಣಿಕನಿಗೆ ಹೇಳಿದಂತಾಯಿತು!

ನಿಜವಾದ ಭೇದ ಅಲೆಯಲ್ಲಿಲ್ಲ, ಪಾಲನೆಯಲ್ಲಿದೆ. ಎಂಟರ್‌ಪ್ರೈಸ್ ಯಂತ್ರವು ತನ್ನ ಹಿಂದೆ ವೇತನ ಪಡೆಯುವ ಪಾಲಕನೊಬ್ಬನಿದ್ದಾನೆಂದು ಭಾವಿಸಿ ನಿರ್ಮಿತವಾದುದು. ನೂರಾರು ಜನರನ್ನು ಒಟ್ಟಿಗೆ ಸಂಭಾಳಿಸುವುದು, ಅತಿಥಿಗಳನ್ನು ಬೇರೆ ಜಾಲದಲ್ಲಿ ಇರಿಸುವುದು, ಹತ್ತಾರು ಯಂತ್ರಗಳನ್ನು ಒಂದೆಡೆಯಿಂದ ಆಳುವುದು ಇವು ಅದರ ಗುಣಗಳು. ಪಾಲಕನಿಲ್ಲದೆಡೆ ಇವೇ ಹೊರೆ. ಕೆಲವು ಕಂಪೆನಿಗಳ ಯಂತ್ರಗಳಿಗೆ ಕಾಲಕಾಲಕ್ಕೆ ಲೈಸೆನ್ಸ್ ಶುಲ್ಕವೂ ಉಂಟು. ಅದು ತಪ್ಪಿದರೆ ಯಂತ್ರ ಚೆನ್ನಾಗಿದ್ದರೂ ಸೇವೆ ನಿಲ್ಲುತ್ತದೆ. 1933ರ ನಿಸ್ತಂತು ಕಾಯಿದೆಯ ಕಾಲದಲ್ಲಿ ನಮ್ಮ ಹಿರಿಯರು ಅಂಚೆಕಚೇರಿಗೆ ಹಣ ಕಟ್ಟಿ ರೇಡಿಯೋ ಲೈಸೆನ್ಸನ್ನು ನವೀಕರಿಸಬೇಕಾಗಿತ್ತು. 1980ರ ದಶಕದಲ್ಲಿ ಸರಕಾರ ಕೈಬಿಟ್ಟ ಆ ಪದ್ಧತಿ ಈಗ ಖಾಸಗಿಯವರ ಮೂಲಕ ಮರಳಿ ಬಂದಿರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಬೆಂಗ್ರೆಯ ಮನೆಯಲ್ಲಿ ಈ ಪಾಲಕ ಯಾರು? ಹುಡುಗ ಇನ್ನೊಂದು ವರ್ಷದಲ್ಲಿ ತಾನೂ ಹೊರದೇಶಕ್ಕೆ ಹೊರಡುವವನು. ಉಳಿಯುವವರು ತಾಯಿ ಮತ್ತು ತಂಗಿ. ಅವರ ಕೈಯಲ್ಲಿ ನಡೆಯದ ಯಂತ್ರ ಎಷ್ಟು ಶ್ರೇಷ್ಠವಾದರೂ ಆ ಮನೆಗೆ ತಕ್ಕುದಲ್ಲವೆಂದು ನಾವು ಸ್ಪಷ್ಟವಾಗಿ ಹೇಳಿದೆವು. ಆದರೆ ಸಂಸ್ಥೆಗಳಿಂದ ಕಲಿಯಬೇಕಾದುದೂ ಒಂದಿದೆ: ಅಲ್ಲಿ ಒಂದೇ ಯಂತ್ರದ ಬಲವನ್ನು ನಂಬುವುದಿಲ್ಲ, ತಂತಿ ಎಳೆದು ಜನರಿರುವಲ್ಲಿಗೇ ಯಂತ್ರವನ್ನು ಒಯ್ಯುತ್ತಾರೆ. ಮಳೆಗಾಲದಲ್ಲಿ ನೀರು ಹೀರಿದ ಮುರಕಲ್ಲು, ತಾರಸಿ ಕಟ್ಟಡದೊಳಗಣ ಕಬ್ಬಿಣದ ಸರಳು, ಇವೆರಡೂ ಅಲೆಯನ್ನು ಕುಗ್ಗಿಸುತ್ತವೆ. 5 ಗಿಗಾಹರ್ಟ್ಸಿನ ಅಲೆ ಇನ್ನೂ ಬೇಗ ಸೋಲುತ್ತದೆ. ಈಥರ್ನೆಟ್ ತಂತಿಗಾದರೋ 100 ಮೀಟರಿನವರೆಗೆ ಗೋಡೆಯ ಹಂಗಿಲ್ಲ. 2003ರಿಂದ ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸುವ ಮಾನಕವಿರುವುದರಿಂದ ಹಿಂದಿನ ಕೋಣೆಯ ಮಾಡಿನ ಬಳಿ ಪ್ಲಗ್ಗು ಕೂಡ ಬೇಕಾಗಿಲ್ಲ.

ಎರಡು ವರ್ಗಗಳ ನಡುವೆ ಟಿಪಿ-ಲಿಂಕಿನ ಓಮಾಡ, ಯುಬಿಕ್ವಿಟಿಯ ಯೂನಿಫೈ ಮುಂತಾದ ಶ್ರೇಣಿಗಳಿವೆ. ಒಮ್ಮೆ ಅಣಿಗೊಳಿಸಿದ ಮೇಲೆ ಇವುಗಳ ಆಕ್ಸೆಸ್ ಪಾಯಿಂಟು ನಿಯಂತ್ರಕವನ್ನು ಆರಿಸಿದರೂ, ಶುಲ್ಕವಿಲ್ಲದೆ, ತನ್ನ ಪಾಡಿಗೆ ನಡೆಯುತ್ತದೆ. ಅಂತಹುದೊಂದನ್ನು ತರಿಸಿ ಎರಡು ಹಿಂಕೋಣೆಗಳ ನಡುವೆ ಮಾಡಿಗೆ ತಗಲಿಸಲಾಯಿತು; ಚಾವಡಿಯ ಹಳೆಯ ಪೆಟ್ಟಿಗೆ ಅಲ್ಲಿಯೇ ಉಳಿಯಿತು. ಎರಡಕ್ಕೂ ವಿದ್ಯುತ್ ಹೋಗುವ ಸ್ವಿಚ್ಚು ಒಂದೇ. ಅದರ ಮೇಲೆ ತಂಗಿ ಕೆಂಪು ಕಾಗದ ಅಂಟಿಸಿದ್ದಾಳೆ. ಕಡಲಗಾಳಿಯ ಉಪ್ಪು ತಂತಿಯ ತುದಿಗಳನ್ನು ತಿನ್ನದಂತೆ ಆಗಾಗ ಬಿಚ್ಚಿ ಒರಸುವ ಕೆಲಸ ಮಾತ್ರ ಅವಳ ಪಾಲಿಗೆ ಬಂದಿದೆ. ತಾಯಿ ಈಗ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಗನೊಡನೆ ಮಾತನಾಡುತ್ತಾರೆ. ಕಚೇರಿಯಿಂದ ಬಂದ ಯಂತ್ರ ಅಟ್ಟದ ಮೇಲಿದೆ.