ಬಾಗಿಲ ಬರಹ: ವದಂತಿ ಮತ್ತು ಅಧಿಕೃತ ಸೂಚನೆ

1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ಆಪ್ತರ ದನಿಯಲ್ಲಿ ಕೂಗುವ ದೆವ್ವವನ್ನು ಹಿಂದಿರುಗಿಸುವ ಉಪಾಯವದು. ಓದುಬಲ್ಲವರು ಅದನ್ನು ಮೌಢ್ಯವೆಂದು ಬದಿಗಿಟ್ಟರು. 2020ರಲ್ಲಿ, ಕೋವಿಡ್ ಹರಡಿದಾಗ, ಇದೇ ನಗರದ ಬಾಗಿಲುಗಳಿಗೆ 'ಹೋಂ ಕ್ವಾರಂಟೈನ್' ಸೂಚನೆಗಳು ಬಂದವು. ಮೊದಲನೆಯದನ್ನು ಮನೆಯವರೇ ಬರೆದುಕೊಂಡಿದ್ದರು, ಎರಡನೆಯದನ್ನು ಹೊರಗಿನವರು ಅಂಟಿಸಿದರು. ಬಾಗಿಲ ಬರಹದ ಅರ್ಥ ತಿರುವುಮುರುವಾದದ್ದು ಇಲ್ಲಿಯೇ.

ಹಳ್ಳಿಯ ಹೆಸರನ್ನು ಉಳಿಸಿಕೊಂಡೇ ನಗರದೊಳಗೆ ಸೇರಿಹೋದ ಮೂಡಲಪಾಳ್ಯದಂತಹ ನೆಲೆಯಲ್ಲಿ ಈ ಸೂಚನೆಯ ನಿಜವಾದ ಓದುಗರು ನೆರೆಹೊರೆಯವರು. ಪ್ರಯಾಣದಿಂದ ಬಂದವರನ್ನು ಮುನ್ನೆಚ್ಚರಿಕೆಗಾಗಿ ಮನೆಯಲ್ಲಿರಿಸಲಾಗಿದೆ ಎಂಬುದು ಸೂಚನೆಯ ಉದ್ದೇಶ. ಓಣಿಯಲ್ಲಿ ನಿಂತು ಓದುವವರಿಗೆ ಅದು 'ಇಲ್ಲಿ ರೋಗವಿದೆ' ಎಂದೇ ಕೇಳಿಸುತ್ತದೆ. ವದಂತಿಯನ್ನು ಅನಕ್ಷರಸ್ಥರ ಬಾಯಲ್ಲಿ ಮಾತ್ರ ಹುಡುಕುವ ನಮ್ಮ ಅಧ್ಯಯನ ಪದ್ಧತಿಯು ಸರ್ಕಾರಿ ಕಾಗದವೇ ವದಂತಿಯ ಬೀಜವಾಗುವ ಈ ಸನ್ನಿವೇಶವನ್ನು ಕಾಣಲಾರದು.

ಇಂತಹ ಸೂಚನೆ ಅಂಟಿಸಬೇಕೆಂದು ತನ್ನ ಮಾರ್ಗಸೂಚಿಯಲ್ಲಿಲ್ಲವೆಂದು ಕೇಂದ್ರ ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. (ಕರ್ತೃತ್ವ ಹೀಗೆ ಜಾರಿಕೊಳ್ಳುವುದು ಜಾನಪದ ವಿದ್ವಾಂಸರಿಗೆ ಹೊಸದಲ್ಲ.) ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ನಿರ್ದೇಶನವಿಲ್ಲದೆ ಸೋಂಕಿತರ ಮನೆಗಳಿಗೆ ಸೂಚನೆ ಅಂಟಿಸಕೂಡದೆಂದು ನ್ಯಾಯಾಲಯ ಹೇಳಿದ್ದು 2020ರ ಡಿಸೆಂಬರ್ 9ರಂದು. ಅಷ್ಟರಲ್ಲಿ ಮೊದಲ ಅಲೆಯ ಬಹುಪಾಲು ಬಾಗಿಲುಗಳನ್ನು ಓಣಿ ಓದಿ ಮುಗಿಸಿತ್ತು.